ನಮ್ಮದು ಗಲಾಟೆ, ಅವರದು ದೊಂಬಿ

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಒಂದು ಪದದ ಅರ್ಥ ಹೇಳುವುದು ಕಷ್ಟವೇನಲ್ಲ ಎಂದು ನಾನು ಅಂದುಕೊಂಡಿದ್ದೆ. ಸಿದ್ದಾಪುರದಲ್ಲಿ ನೌಕರಿ ಆರಂಭಿಸಿ, ಯಲ್ಲಾಪುರದಲ್ಲಿ ಬಹುಕಾಲ ಕಳೆದು, ಶಿರಸಿಯಲ್ಲಿ ನಿವೃತ್ತನಾದವನು ನಾನು. ಈ ಮೂರು ಊರುಗಳಲ್ಲಿ ಒಂದೇ ಇಂಗ್ಲಿಷ್ ಪದ ನನ್ನನ್ನು ಮೂರು ಸಲ ತಡೆದು ನಿಲ್ಲಿಸಿತು. ಎರಡು ಸಲ ನಕ್ಕು ಮುಂದೆ ಹೋದೆ. ಮೂರನೆಯ ಸಲ ನಗಲು ಆಗಲಿಲ್ಲ.

ಆ ಪದ ‘ರಯಟ್’. ನಿಘಂಟು ತೆರೆದರೆ ದೊಂಬಿ, ಗಲಭೆ, ದಂಗೆ, ಗದ್ದಲ ಎಂಬ ಅರ್ಥಗಳು ಸಾಲಾಗಿ ನಿಂತಿರುತ್ತವೆ. ಆದರೆ ಯಾವಾಗ ಯಾವುದನ್ನು ಆರಿಸಬೇಕು ಎಂಬುದನ್ನು ಯಾವ ನಿಘಂಟೂ ಹೇಳುವುದಿಲ್ಲ.

ಮೊದಲನೆಯದು ಸಿದ್ದಾಪುರದ ಪ್ರಸಂಗ. ಆಗ ನಾನು ಹೊಸ ಮಾಸ್ತರ. ಇತಿಹಾಸದ ಮಾಸ್ತರರು ರಜೆಯಲ್ಲಿದ್ದಾಗ ಅವರ ತರಗತಿಯನ್ನೂ ನಾನೇ ನೋಡಿಕೊಳ್ಳಬೇಕಾಗಿತ್ತು. ಥಾಮಸ್ ಮನ್ರೋನ ಹೆಸರು, ರಯತವಾರಿ ಪದ್ಧತಿ ಎಲ್ಲ ಇದ್ದ ಪಾಠ. ಮನ್ರೋ 1799-1800ರಲ್ಲಿ ನಮ್ಮ ಕೆನರಾ ಜಿಲ್ಲೆಯಲ್ಲೇ ಕಲೆಕ್ಟರನಾಗಿದ್ದವನು ಎಂದು ಹೇಳಿ, ಇಂಗ್ಲಿಷಿನವರು ನಮ್ಮ ‘ರಯತ’ನನ್ನು ಹೇಗೆ ಬರೆಯುತ್ತಿದ್ದರು ಎಂದು ಹಲಗೆಯ ಮೇಲೆ ಬರೆದು ತೋರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಅದನ್ನು ‘ರಯಟ್’ ಎಂದು ಓದಿದ. ಅವನಿಗೆ ಆ ಇನ್ನೊಂದು ಪದವೂ ಗೊತ್ತಿತ್ತು. “ಸರ್, ರಯತ ಅಂದ್ರೆ ದೊಂಬಿ ಮಾಡುವವನಾ?” ಎಂದು ಕೇಳಿದ. ತರಗತಿ ನಕ್ಕಿತು. ಅರ್ಧಕ್ಕರ್ಧ ಗೇಣಿಯ, ತೋಟದ ಮನೆಗಳಿಂದ ಬಂದ ಮಕ್ಕಳು. ಅವರಿಗೆ ನಗು ಬಾರದೆ ಇರುತ್ತದೆಯೇ?

ರಯತ ಎಂಬುದು ಅರಬಿಯ ‘ರಈಯತ್’ನಿಂದ ಬಂದದ್ದು. ಮೂಲದಲ್ಲಿ ಅದು ಕಾಯಲ್ಪಡುವ ಮಂದೆ, ಒಬ್ಬನ ಹೊಣೆಯಲ್ಲಿರುವ ಜೀವಗಳು. ಅಲ್ಲಿಂದ ಅರಸನ ಹೊಣೆಯಲ್ಲಿರುವ ಪ್ರಜೆ, ಆಮೇಲೆ ಭೂಮಿ ಉಳುವವನು. ‘ರಯಟ್’ ಬಂದದ್ದಾದರೋ ಹಳೆಯ ಫ್ರೆಂಚಿನಿಂದ. ಅಲ್ಲಿ ಅದಕ್ಕೆ ಜಗಳ, ವಾಗ್ವಾದ ಎಂಬ ಅರ್ಥವಿತ್ತು. ಎರಡಕ್ಕೂ ಯಾವ ನಂಟೂ ಇಲ್ಲ. ಇಂಗ್ಲಿಷರ ನಾಲಿಗೆಯಲ್ಲಿ ಮಾತ್ರ ಎರಡೂ ಹತ್ತಿರ ಹತ್ತಿರ ಬಂದು ಕೂತವು. ಅಂದು ಮಕ್ಕಳಿಗೆ ನಾನು ಇಷ್ಟನ್ನೇ ಹೇಳಿ ಗಂಟೆ ಮುಗಿಸಿದೆ.

ಆದರೆ ಆ ಊರಿನಲ್ಲಿ ಆ ಪ್ರಶ್ನೆಗೆ ಇನ್ನೂ ದೊಡ್ಡ ಉತ್ತರವಿತ್ತು ಎಂಬುದು ಆಮೇಲೆ ಹಿರಿಯರ ಬಾಯಿಂದ ತಿಳಿಯಿತು. 1930ರ ದಶಕದ ಆರಂಭದಲ್ಲಿ ಅಂಕೋಲೆಯಂತೆ ಸಿದ್ದಾಪುರ, ಶಿರಸಿ ಸೀಮೆಯ ರಯತರೂ ಕರನಿರಾಕರಣೆ ಮಾಡಿದರು. ಸರಕಾರ ಭೂಮಿ ಜಪ್ತು ಮಾಡಿತು, ಪಾತ್ರೆಪಗಡೆ ಹೊತ್ತುಕೊಂಡು ಹೋಯಿತು, ಜನ ಜೈಲು ಸೇರಿದರು. ಜಪ್ತಾದ ಆಸ್ತಿಯನ್ನು ಕೊಂಡವರ ಮನೆಯೆದುರು ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತರು. ಅಲ್ಲಿ ಇವತ್ತೂ ಅದರ ಸ್ಮಾರಕವಿದೆ. ಅವರು ಕಾನೂನನ್ನು ಮುರಿದವರೇ. ಬ್ರಿಟಿಷರ ಕಣ್ಣಿಗೆ ಅದು ಅವ್ಯವಸ್ಥೆಯೇ. ಆದರೆ ತಮ್ಮ ಆಸ್ತಿಯನ್ನು ಕೊಂಡವನ ಅಂಗಳದಲ್ಲಿ ಹಸಿದು ಕೂರುವುದಕ್ಕೂ, ಅವನ ಹೆಂಚಿಗೆ ಕಲ್ಲು ಬೀಸುವುದಕ್ಕೂ ಇರುವ ಅಂತರ ಆ ಓದುಬರಹ ಕಲಿಯದ ತಾಯಂದಿರಿಗೆ ಗೊತ್ತಿತ್ತು. ಕಾನೂನು ಮುರಿದದ್ದೆಲ್ಲ ದೊಂಬಿಯಲ್ಲ ಎಂಬುದನ್ನು ನಾನು ಕಲಿತದ್ದು ಅವರ ಕಥೆಯಿಂದ.

ಎರಡನೆಯ ಸಲ ಈ ಪದ ಸಿಕ್ಕಿದ್ದು ಯಲ್ಲಾಪುರದಲ್ಲಿ. ಪಾಠದಲ್ಲಿ ಒಂದು ತೋಟದ ವರ್ಣನೆ ಇತ್ತು. ಅದರಲ್ಲಿ ಬಣ್ಣಗಳ ‘ರಯಟ್’ ಎಂಬ ಮಾತು. ಇದನ್ನು ಕನ್ನಡದಲ್ಲಿ ಹೇಳಿ ಎಂದೆ. ಒಬ್ಬ ಹುಡುಗ ತಡಮಾಡದೆ “ಬಣ್ಣಗಳ ದೊಂಬಿ” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊರಗೆ ಮಳೆಗಾಲ. ಕಿಟಕಿಯಿಂದ ಕಾಣುವ ಮನೆಯಂಗಳದಲ್ಲಿ ಡೇರೆ ಹೂವುಗಳು ಕೆಂಪು, ಹಳದಿ, ಬಿಳಿ, ನೇರಳೆಯಾಗಿ ಒಂದರ ಮೇಲೊಂದು ಬಿದ್ದು ಅರಳಿದ್ದವು. ಅದನ್ನೇ ತೋರಿಸಿ, “ಇದನ್ನು ನೋಡಿದರೆ ಏನನ್ನಿಸುತ್ತದೆ?” ಎಂದು ಕೇಳಿದೆ. ಯಾವಾಗಲೂ ಸುಮ್ಮನಿರುತ್ತಿದ್ದ ಹುಡುಗಿಯೊಬ್ಬಳು ಮೆಲ್ಲಗೆ, “ಹೂವಿನ ಜಾತ್ರೆ ಸರ್” ಎಂದಳು. ಮೂವತ್ತು ವರ್ಷಗಳಲ್ಲಿ ನಾನು ಕೇಳಿದ ಉತ್ತಮ ಅನುವಾದಗಳಲ್ಲಿ ಅದೊಂದು.

ಜಾತ್ರೆಯನ್ನು ಶಿರಸಿಯವರಿಗೆ ವಿವರಿಸಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂತೆಂದರೆ ಊರು ಊರಾಗಿ ಉಳಿಯುವುದಿಲ್ಲ. ಯಾರು ಯಾರನ್ನೂ ತಳ್ಳುತ್ತಾರೆ, ಮಕ್ಕಳು ಕಳೆದುಹೋಗಿ ಸಿಗುತ್ತಾರೆ, ತೊಟ್ಟಿಲು ತಿರುಗುತ್ತದೆ, ಪೀಪಿ ಊದುತ್ತದೆ. ಚಿಕ್ಕಂದಿನಲ್ಲಿ ನನ್ನ ಅಬ್ಬಾ ಹೆಗಲ ಮೇಲೆ ಕೂರಿಸಿಕೊಂಡು ನನಗೆ ಜಾತ್ರೆಪೇಟೆ ತೋರಿಸುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಯಾವ ವ್ಯವಸ್ಥೆಯೂ ಇರಲಿಲ್ಲ, ಆದರೆ ಯಾರಿಗೂ ಯಾರ ಭಯವೂ ಇರಲಿಲ್ಲ. ಗದ್ದಲ ಬೇರೆ, ದೊಂಬಿ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ನಮ್ಮ ಮನೆಯಲ್ಲೂ ಇಂಥದೇ ಒಂದು ಜೋಡಿಪದ ಇತ್ತು. ಅಬ್ಬಾ ಅಡಿಕೆ ವಖಾರಿಯಲ್ಲಿ ತೂಕ ಮಾಡುತ್ತಿದ್ದವರು. ಅವರ ಬಾಯಲ್ಲಿ ಸದಾ ‘ಹಂಗಾಮು’. ಹಂಗಾಮು ಚೆನ್ನಾಗಿದ್ದರೆ ಈದಿಗೆ ಹೊಸ ಬಟ್ಟೆ. ಅಮ್ಮಿಯ ಬಾಯಲ್ಲಿ ‘ಹಂಗಾಮಾ’. ನಾವು ಐವರು ಮಕ್ಕಳು ಕೂಡಿ ಮನೆಯನ್ನು ತಲೆಕೆಳಗು ಮಾಡುತ್ತಿದ್ದಾಗ, “ಕ್ಯಾ ಹಂಗಾಮಾ ಹೈ ರೇ!” ಎಂದು ಸೌಟು ಹಿಡಿದು ಬರುತ್ತಿದ್ದರು. ಎರಡಕ್ಕೂ ಬೇರು ಫಾರಸಿಯ ‘ಹಂಗಾಮ್’, ಅಂದರೆ ಕಾಲ, ಹೊತ್ತು. ಕನ್ನಡ ಅದನ್ನು ಬೆಳೆಯ ಕಾಲವಾಗಿ ಇಟ್ಟುಕೊಂಡಿತು, ಉರ್ದು ಅದೇ ಬೇರಿನಿಂದ ಗದ್ದಲವನ್ನು ಬೆಳೆಸಿತು. ‘ಗೊಂದಲ’ವನ್ನೇ ನೋಡಿ. ದೇವಿಯ ಹೆಸರಿನಲ್ಲಿ ರಾತ್ರಿಯಿಡೀ ಗೊಂದಲಿಗರು ಹಾಡಿ ಕುಣಿಯುವ ಸೇವೆಯ ಹೆಸರು ಅದು. ನಾವದನ್ನು ದಿಕ್ಕು ತೋಚದ ಸ್ಥಿತಿಗೆ ಹೇಳುತ್ತೇವೆ. ಹಿಂದಿಯ ‘ದಂಗಾ’ ಎಂದರೆ ಬೀದಿಯ ಕೋಮುಗಲಭೆ. ಕನ್ನಡದ ‘ದಂಗೆ’ಯಲ್ಲಿ ಏನೋ ಒಂದು ಗೌರವವಿದೆ, ಅದು ಆಳುವವನ ವಿರುದ್ಧ ಏಳುವುದು. ಪದಗಳು ಕೈಯಿಂದ ಕೈಗೆ ಹೋಗುವಾಗ ಹೀಗೆ ತಮ್ಮ ತೂಕವನ್ನು ಬದಲಿಸಿಕೊಳ್ಳುತ್ತವೆ.

ಕಾಲ ಕಳೆದಂತೆ ಬದಲಾಗುವುದು ಭಾಷೆಯ ಧರ್ಮ, ಅದರಲ್ಲಿ ಯಾರ ಪಾಪವೂ ಇಲ್ಲ. ಆದರೆ ಒಂದೇ ಪೇಟೆಯಲ್ಲಿ, ಒಂದೇ ದಿನ, ಒಬ್ಬನಿಗೆ ಒಂದು ತೂಕ ಇನ್ನೊಬ್ಬನಿಗೆ ಮತ್ತೊಂದು ತೂಕ ಆದರೆ? ವಖಾರಿಯಲ್ಲಿ ಹಾಗೆ ಮಾಡಿದವನನ್ನು ಅಬ್ಬಾ ಕಳ್ಳ ಎನ್ನುತ್ತಿದ್ದರು.

ಮೂರನೆಯ ಸಲ ಆ ಪದ ಬಂದದ್ದು ನನ್ನ ಮನೆಯ ಜಗಲಿಗೇ. ಅದು 2019ರ ಮಾತು. ಬಂದವರು ನನ್ನ ಶಾಲಾದಿನಗಳ ಗೆಳೆಯ, ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟ ಇರುವವರು. ಜೊತೆಗೆ ಮಗ. ಇಂಜಿನಿಯರಿಂಗ್ ಮುಗಿಸಿದ್ದ ಹುಡುಗ. ಪರದೇಶದ ಕೆಲಸವೊಂದಕ್ಕೆ ಅರ್ಜಿ ತುಂಬಬೇಕಾಗಿತ್ತು. ಅದರಲ್ಲಿ ಒಂದು ಪ್ರಶ್ನೆ: ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ? ಇದ್ದರೆ ವಿವರಿಸಿ. ವಿವರಿಸಲು ನಾಲ್ಕು ಗೆರೆಗಳ ಜಾಗ.

ಹುಡುಗನ ಮೇಲೆ ಕೇಸಿತ್ತು. 2017ರ ಡಿಸೆಂಬರಿನದು. ಆ ತಿಂಗಳನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಹೊನ್ನಾವರದಲ್ಲಿ ಪರೇಶ್ ಮೇಸ್ತ ಎಂಬ ಯುವಕನ ಶವ ಡಿಸೆಂಬರ್ 8ರಂದು ಕೆರೆಯಲ್ಲಿ ಸಿಕ್ಕಿತು. ಕೊಲೆ ಎಂಬ ಮಾತು ಬೆಂಕಿಗಿಂತ ವೇಗವಾಗಿ ಹಬ್ಬಿತು. 11ರಂದು ಕುಮಟಾದಲ್ಲಿ ಪೊಲೀಸ್ ಐಜಿಯವರ ವಾಹನಕ್ಕೇ ಬೆಂಕಿ ಬಿತ್ತು. 12ರಂದು ಶಿರಸಿ ಬಂದ್, ಕಲ್ಲು ತೂರಾಟ, ಲಾಠಿ ಪ್ರಹಾರ. ಬಾಗಿಲು ಹಾಕಿಕೊಂಡು, ಹೊರಗಿನ ಕೂಗು ಯಾವ ಓಣಿಯಿಂದ ಯಾವ ಓಣಿಗೆ ಸಾಗುತ್ತಿದೆ ಎಂದು ಕಿವಿಗೊಟ್ಟು ಕೂತ ಆ ಮಧ್ಯಾಹ್ನ ನನಗೆ ಇನ್ನೂ ನೆನಪಿದೆ. ಸಾವಿನ ತನಿಖೆ ಸಿಬಿಐಗೆ ಹೋಯಿತು. ಅದು ಕೊಲೆಯಲ್ಲ, ನೀರಿಗೆ ಬಿದ್ದು ಆದ ಆಕಸ್ಮಿಕ ಸಾವು ಎಂದು ಸಿಬಿಐ 2022ರಲ್ಲಿ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಆದರೆ ಐದು ವರ್ಷ ತಡವಾಗಿ ಬಂದ ವರದಿ, ಎಸೆದ ಕಲ್ಲನ್ನು ಕೈಗೆ ಮರಳಿ ತಂದುಕೊಡುವುದಿಲ್ಲವಲ್ಲ.

ಆ ದಿನ ಪೇಟೆಯಲ್ಲಿದ್ದವರ ಪೈಕಿ ಗೆಳೆಯರ ಮಗನೂ ಒಬ್ಬ. ಎಫ್‌ಐಆರ್ ಪ್ರತಿಯಲ್ಲಿ 143, 147, 149 ಎಂಬ ಅಂಕಿಗಳು. ಅಕ್ರಮ ಕೂಟ, ದೊಂಬಿ, ಸಮಾನ ಉದ್ದೇಶ.

“ಮಾಸ್ತರೇ, ಹುಡುಗ ಗಲಾಟೆ ನೋಡ್ಲಿಕ್ಕೆ ಹೋದವ ಅಷ್ಟೇ” ಎಂದರು ಗೆಳೆಯರು. “ಅಲ್ಲಿ ರಯಟ್ ಅಂತ ಬರೆದ್ರೆ ಮುಗೀತು, ಇವನ ಅರ್ಜಿ ಬುಟ್ಟಿಗೆ. ನೀವು ಇಂಗ್ಲಿಷ್ ಬಲ್ಲವರು. ಏನಾದರೂ ಹಗುರದ್ದು ಹಾಕಿ. ಡಿಸ್ಟರ್ಬೆನ್ಸ್ ಅಂದ್ರೆ ಸಾಕಲ್ಲ?”

ನಾನು ಕನ್ನಡಕ ಹಾಕಿಕೊಂಡು ಕಾಗದ ನೋಡುತ್ತಾ ಕೂತೆ. ನನ್ನ ತಲೆಯಲ್ಲಿ ಬೇರೆಯೇ ಒಂದು ದಿನ ತಿರುಗುತ್ತಿತ್ತು. ಅದಕ್ಕೂ ಕೆಲವು ವರ್ಷ ಮೊದಲು ನಮ್ಮ ಸಂಬಂಧಿಕರಿರುವ ಇನ್ನೊಂದು ಊರಿನಲ್ಲಿ ಒಂದು ಮೆರವಣಿಗೆಯ ವಿಷಯಕ್ಕೆ ಜಗಳವಾಗಿ, ನಮ್ಮ ಹುಡುಗರು ಗುಂಪುಗೂಡಿ ಬಸ್ಸಿನ ಗಾಜು ಒಡೆದಿದ್ದರು. ಆ ಗುಂಪಿನಲ್ಲಿ ನನ್ನ ತಂಗಿಯ ಮಗನೂ ಇದ್ದ. ಮಾರನೆಯ ದಿನ ಚಾ ಅಂಗಡಿಯಲ್ಲಿ ಇದೇ ಗೆಳೆಯರು ಪೇಪರು ಮಡಚಿಡುತ್ತಾ, “ಇದಕ್ಕೆ ದೊಂಬಿ ಅನ್ನದೆ ಬೇರೆ ಏನನ್ನಬೇಕು ಮಾರಾಯ್ರೆ?” ಎಂದಿದ್ದರು. ನನಗೆ ಚುಚ್ಚಿತ್ತು. “ದೊಂಬಿ ಅನ್ನುವಷ್ಟು ದೊಡ್ಡದೇನಲ್ಲ, ಹುಡುಗರ ಗಲಾಟೆ” ಎಂದು ಮಾತು ಹಾರಿಸಿದ್ದೆ.

ಅಂದರೆ ಅಂದು ಅವರ ತಕ್ಕಡಿಯಲ್ಲಿ ದೊಂಬಿಯಾದದ್ದು ನನ್ನದರಲ್ಲಿ ಗಲಾಟೆ. ಇಂದು ನನ್ನ ತಕ್ಕಡಿಯಲ್ಲಿ ದೊಂಬಿಯಾದದ್ದು ಅವರದರಲ್ಲಿ ಗಲಾಟೆ. ಇಬ್ಬರೂ ಪ್ರಾಮಾಣಿಕರೆಂದು ನಂಬಿಕೊಂಡವರು, ಇಬ್ಬರ ತಕ್ಕಡಿಯ ಕೆಳಗೂ ಬೆರಳು!

ಕಾನೂನಿನ ಪುಸ್ತಕದಲ್ಲಿ ಈ ಪದದ ಅರ್ಥ ಎಷ್ಟು ಸ್ಪಷ್ಟವಾಗಿದೆ ಎಂದು ನೋಡಿ. 1860ರ ಭಾರತೀಯ ದಂಡ ಸಂಹಿತೆಯ ಪ್ರಕಾರ ಐದು ಅಥವಾ ಹೆಚ್ಚು ಮಂದಿ ಅಕ್ರಮ ಉದ್ದೇಶಕ್ಕೆ ಸೇರಿದರೆ ಅದು ಅಕ್ರಮ ಕೂಟ. ಆ ಉದ್ದೇಶಕ್ಕಾಗಿ ಅವರಲ್ಲಿ ಒಬ್ಬನೇ ಬಲಪ್ರಯೋಗ ಮಾಡಿದರೂ ಕೂಟದ ಪ್ರತಿಯೊಬ್ಬನ ಮೇಲೂ ದೊಂಬಿಯ ಅಪರಾಧ. ಎರಡು ವರ್ಷದವರೆಗೆ ಸಜೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ ಸಂಖ್ಯೆ 191 ಆಯಿತು, ಅರ್ಥ ಹಾಗೆಯೇ ಉಳಿಯಿತು. ಇಂಗ್ಲೆಂಡಿನಲ್ಲಿ 1715ರಲ್ಲಿ ಮಾಡಿದ ರಯಟ್ ಕಾಯಿದೆಯಲ್ಲಿ ಈ ಸಂಖ್ಯೆ ಹನ್ನೆರಡಾಗಿತ್ತು. ಅಧಿಕಾರಿ ಬಂದು ಚದುರಿಹೋಗಿ ಎಂಬ ಘೋಷಣೆಯನ್ನು ಗಟ್ಟಿಯಾಗಿ ಓದಬೇಕಿತ್ತು, ಒಂದು ಗಂಟೆಯ ನಂತರವೂ ನಿಂತವನು ಅಪರಾಧಿಯಾಗುತ್ತಿದ್ದ. ಅಲ್ಲೂ ಇಲ್ಲೂ ಕಾನೂನು ಕೇಳುವುದು ತಲೆಯ ಲೆಕ್ಕ, ಕೈಯ ಕೆಲಸ, ಗುಂಪಿನ ಉದ್ದೇಶ. ಯಾರ ಮನೆಯ ಮಗ ಎಂದು ಅದರ ಅರ್ಥವಿವರಣೆಯಲ್ಲಿ ಎಲ್ಲೂ ಇಲ್ಲ. ಅದನ್ನು ಸೇರಿಸುವವರು ನಾವು.

ಈ ಪದಕ್ಕೆ ಬೇಟೆಗಾರರ ಒಂದು ಹಳೆಯ ಬಳಕೆಯೂ ಇತ್ತು. ಮೊಲದ ಜಾಡು ಹಿಡಿಯಬೇಕಾದ ಬೇಟೆನಾಯಿ ಬೇರೆ ಯಾವುದೋ ವಾಸನೆ ಹಿಡಿದು ಓಡಿದರೆ ಅದನ್ನೂ ‘ರಯಟ್’ ಎಂದೇ ಕರೆಯುತ್ತಿದ್ದರು. 2017ರ ಡಿಸೆಂಬರನ್ನು ನೆನೆದಾಗಲೆಲ್ಲ ನನಗೆ ಈ ಅರ್ಥವೇ ಮೊದಲು ಬರುತ್ತದೆ. ಒಂದು ಸಾವಿನ ಸತ್ಯ ಹುಡುಕಬೇಕಾದ ಹುಡುಗರು ಯಾರೋ ತೋರಿಸಿದ ವಾಸನೆಯ ಹಿಂದೆ ಓಡಿದರು. ತೋರಿಸಿದವರು ಕೇಸಿನ ಪಟ್ಟಿಯಲ್ಲಿ ಇರುವುದು ಅಪರೂಪ.

ಗೆಳೆಯರು ಕವಳ ಉಗಿಯಲು ಅಂಗಳಕ್ಕೆ ಇಳಿದರು. ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಹುಡುಗ ತಲೆಯೆತ್ತಿದ.

“ಸರ್, ನಾನು ಒಂದು ಹೊಡೆದೆ.”

“ಏನು?”

“ಕಲ್ಲು. ಒಂದೇ. ಅಪ್ಪನಿಗೆ ಗೊತ್ತಿಲ್ಲ. ಅಂಗಡಿಯ ಶಟರ್‌ಗೆ ಬಿತ್ತು. ಯಾರ ಅಂಗಡಿ ಅಂತ ಆಮೇಲೂ ಹೋಗಿ ನೋಡಲಿಲ್ಲ.”

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅವನು ಅದನ್ನು ನನ್ನ ಜಗಲಿಯಲ್ಲಿ, ನನ್ನ ಮುಖ ನೋಡಿ ಹೇಳಿದ್ದ. ಆ ಶಟರ್ ನನ್ನ ನೆಂಟರದ್ದೂ ಆಗಿರಬಹುದಿತ್ತು. ಕೋಪ ಬರಬೇಕಾಗಿತ್ತು, ಬರಲಿಲ್ಲ. ಅವನ ಕಣ್ಣಲ್ಲಿ ನನ್ನ ತಂಗಿಯ ಮಗನ ಕಣ್ಣೇ ಕಂಡಿತು. ವ್ಯತ್ಯಾಸವೆಂದರೆ ನಮ್ಮ ಹುಡುಗ ಯಾರ ಮುಂದೆಯೂ ಹೀಗೆ ಹೇಳಿರಲಿಲ್ಲ. ಹೇಳುವ ಅವಕಾಶವನ್ನೇ ನಾವು ಕೊಟ್ಟಿರಲಿಲ್ಲ. ‘ಗಲಾಟೆ’ ಎಂಬ ಮೆತ್ತನೆಯ ಹಾಸಿಗೆ ಹಾಸಿ ಅವನನ್ನು ಮಲಗಿಸಿಬಿಟ್ಟಿದ್ದೆವು.

“ಇದನ್ನು ಮೊದಲು ಅಪ್ಪನಿಗೆ ಹೇಳು, ಆಮೇಲೆ ವಕೀಲರಿಗೆ” ಎಂದೆ. “ಈ ಅರ್ಜಿಯಲ್ಲಿ ಆ ಮಾತು ಬೇಡ, ಅದು ನ್ಯಾಯಾಲಯದ ವಿಷಯ. ಆದರೆ ಇಲ್ಲಿ ಸುಳ್ಳೂ ಬೇಡ.” ಅವನು ಹೂಂ ಎಂದ.

ನಾಲ್ಕು ಗೆರೆಗಳಲ್ಲಿ ನಾವು ಬರೆದದ್ದು ಇಷ್ಟು: ಇಂಥ ದಿನದ ಘಟನೆಗೆ ಸಂಬಂಧಿಸಿ ತನ್ನ ಮೇಲೆ ‘ರಯಟಿಂಗ್’ ಆರೋಪವಿದೆ, ಸೆಕ್ಷನ್‌ಗಳು ಇಂಥವು, ಪ್ರಕರಣ ವಿಚಾರಣೆಯಲ್ಲಿದೆ, ಇನ್ನೂ ತೀರ್ಪು ಬಂದಿಲ್ಲ. ಆರೋಪಿ ಎಂಬುದಕ್ಕೂ ಅಪರಾಧಿ ಎಂಬುದಕ್ಕೂ ಇರುವ ದೂರವನ್ನು ಉಳಿಸಿದೆವು, ಪದವನ್ನು ಮಾತ್ರ ಬದಲಿಸಲಿಲ್ಲ. ಗೆಳೆಯರು ಓದಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. “ನೀವು ನಮ್ಮವರಲ್ಲ ಅಂತ ಹೀಗೆ ಬರೆದ್ರಾ ಮಾಸ್ತರೇ?” ಎಂದು ಕೊನೆಗೆ ಕೇಳಿದರು. ಐವತ್ತು ವರ್ಷಗಳ ಸ್ನೇಹದಲ್ಲಿ ಆ ಮಾತು ಮೊದಲ ಸಲ ಬಂದಿತ್ತು. ಉತ್ತರ ಕೊಟ್ಟವನು ಹುಡುಗ. “ನಾನೇ ಹಾಗೆ ಬರೀರಿ ಅಂದೆ ಅಪ್ಪ” ಎಂದ.

ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಗೆಳೆಯರ ಪ್ರಶ್ನೆ ಅನ್ಯಾಯದ್ದು ಎಂದು ಹೇಳುವ ಹಕ್ಕು ನನಗಿತ್ತೇ? ಅವರ ಮಗನಿಗೆ ನಿಜವಾದ ಪದ ಬರೆಸಿದೆ. ನಮ್ಮ ಮನೆಯವನಿಗೆ?

ಕುರ್‌ಆನ್ ಓದುವ ನಮಗೆ ಈ ಪಾಠ ಹೊಸದಲ್ಲ. ನೆಲದಲ್ಲಿ ಕೇಡು ಮಾಡುವುದನ್ನು ಅದು ‘ಫಸಾದ್’ ಎನ್ನುತ್ತದೆ. ಹಾಳಾಗು, ಕೆಟ್ಟುಹೋಗು ಎಂಬ ಅರ್ಥದ ಬೇರಿನ ಪದ ಅದು. ನಮ್ಮ ಮನೆಮಾತಿನಲ್ಲಿ ಗಲಭೆಗೆ ಇದೇ ಪದ. ಅಲ್ ಬಕರ ಅಧ್ಯಾಯದ ಆರಂಭದಲ್ಲೇ ಕೇಡು ಮಾಡಬೇಡಿ ಎಂದಾಗ ತಾವು ಸುಧಾರಿಸುವವರು ಎಂದು ಹೇಳಿಕೊಳ್ಳುವವರ ಪ್ರಸ್ತಾಪ ಬರುತ್ತದೆ. ಕೇಡು ಯಾವಾಗಲೂ ಒಳ್ಳೆಯ ಹೆಸರು ಹಾಕಿಕೊಂಡೇ ಬರುತ್ತದೆ ಎಂಬ ಎಚ್ಚರಿಕೆ ಅದು. ಅನ್ನಿಸಾ ಅಧ್ಯಾಯವಂತೂ ಸಾಕ್ಷ್ಯ ನುಡಿಯುವಾಗ ಅದು ಸ್ವಂತದ, ಹೆತ್ತವರ, ಬಂಧುಗಳ ವಿರುದ್ಧ ಹೋದರೂ ನ್ಯಾಯದಿಂದ ಕದಲಬಾರದೆಂದು ಬೋಧಿಸುತ್ತದೆ. ನಾವು ಇದನ್ನು ಮಸೀದಿಯಲ್ಲಿ ಕೇಳಿ ತಲೆದೂಗುತ್ತೇವೆ. ಚಾ ಅಂಗಡಿಗೆ ಬರುವಷ್ಟರಲ್ಲಿ ಮರೆಯುತ್ತೇವೆ. ಒಂದು ಗಲಭೆಯನ್ನು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದೂ ಒಂದು ಸಾಕ್ಷ್ಯವೇ ಎಂಬುದು ನಮಗೆ ಹೊಳೆಯುವುದಿಲ್ಲ.

ಮುಂದಿನ ಜುಮಾ ಕಳೆದ ಮೇಲೆ ತಂಗಿಯ ಮನೆಗೆ ಹೋದೆ. ಅಳಿಯನನ್ನು ಕೂರಿಸಿಕೊಂಡು, “ನೀವು ಆ ದಿನ ಮಾಡಿದ್ದು ಗಲಾಟೆಯಲ್ಲ, ದೊಂಬಿ. ಬಸ್ಸಿನೊಳಗೆ ಮಕ್ಕಳಿದ್ದರು” ಎಂದೆ. ತಂಗಿ ಅಡುಗೆಮನೆಯಿಂದ ಓಡಿ ಬಂದಳು. “ಭಾಯಿ, ಪೊಲೀಸರು ಹೇಳಿದ್ದು ಸಾಲದು ಅಂತ ನೀವೂ ಹೇಳಬೇಕಾ?” ಎಂದು ಅತ್ತಳು. ಅವಳ ಸಂಕಟ ಸುಳ್ಳಲ್ಲ. ನಮ್ಮ ಹುಡುಗರ ಮೇಲೆ ಆ ಪದ ಬೀಳುವುದು ಸುಲಭ, ಇಳಿಯುವುದು ಕಷ್ಟ ಎಂದು ಅವಳಿಗೆ ಗೊತ್ತು. ಅಲ್ಲಿ ಇರದವನ ಹೆಸರೂ ಪಟ್ಟಿ ಸೇರಬಹುದೆಂಬ ಭಯವೂ ನನಗೆ ಗೊತ್ತು. ಆದರೆ ಪದವನ್ನು ತಪ್ಪಾಗಿ ಬಳಸುವವರ ವಿರುದ್ಧ ನಾವು ನಿಲ್ಲಬೇಕಾದರೆ, ಅದನ್ನು ಸರಿಯಾಗಿ ಬಳಸುವ ಧೈರ್ಯ ಮೊದಲು ನಮಗಿರಬೇಕಲ್ಲವೇ? ನಮ್ಮವರು ಮಾಡಿದ ದೊಂಬಿಗೆ ಗಲಾಟೆ ಎಂದವನು, ನಿರಪರಾಧಿಯ ಮೇಲೆ ದೊಂಬಿಯ ಕೇಸು ಬಿದ್ದ ದಿನ ಏನೆಂದು ಕೂಗಿದರೆ ಯಾರು ನಂಬುತ್ತಾರೆ?

ಅಳಿಯ ಅಂದು ಏನೂ ಹೇಳಲಿಲ್ಲ. ತಿಂಗಳ ನಂತರ ಫೋನು ಮಾಡಿ, “ಮಾಮು, ಆ ಬಸ್ಸಿನಲ್ಲಿ ಒಂದು ಮಗು ಅಳ್ತಾ ಇತ್ತು. ಆ ಸದ್ದು ಇನ್ನೂ ಕೇಳ್ತದೆ” ಎಂದ. ಅಷ್ಟೇ ಹೇಳಿ ಇಟ್ಟುಬಿಟ್ಟ.

ಗೆಳೆಯರ ಮಗನಿಗೆ ಆ ಪರದೇಶದ ಕೆಲಸ ಸಿಗಲಿಲ್ಲ. ಆ ನಾಲ್ಕು ಗೆರೆಗಳಿಂದಲೇ ತಪ್ಪಿತೋ, ಬೇರೆ ಕಾರಣವೋ, ಅವರು ತಿಳಿಸಲಿಲ್ಲ. ಈಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ, ಕೇಸೂ ಮುಗಿದಿದೆ. ಇದನ್ನು ಬರೆಯಲಾ ಎಂದು ಕೇಳಿದಾಗ, ಹೆಸರು ಹಾಕದೆ ಬರೆಯಿರಿ ಎಂದ. ಅವನ ಅಪ್ಪ ಒಂದು ವರ್ಷ ನಮ್ಮ ಮನೆಯ ಕಡೆ ಬರಲಿಲ್ಲ. ಆಮೇಲೆ ಒಂದು ದಿನ ಏನೂ ಆಗಿಲ್ಲವೆಂಬಂತೆ ತೋಟದ ಬಾಳೆಗೊನೆ ಹಿಡಿದು ಬಂದರು.

ಈಗ ನಮ್ಮಿಬ್ಬರ ನಡುವೆ ಒಂದು ಅಭ್ಯಾಸ ಬೆಳೆದಿದೆ. ಎಲ್ಲಾದರೂ ಕಲ್ಲು ಬಿದ್ದ ಸುದ್ದಿ ಬಂದರೆ ಪೇಪರನ್ನು ಮಧ್ಯೆ ಇಟ್ಟುಕೊಂಡು ಕೂರುತ್ತೇವೆ. ಎಷ್ಟು ಜನ, ಏನು ಮಾಡಿದರು, ಯಾರಿಗೆ ಪೆಟ್ಟಾಯಿತು ಎಂದು ಮೊದಲು ಓದುತ್ತೇವೆ, ಊರು ಮತ್ತು ಹೆಸರುಗಳನ್ನು ಆಮೇಲೆ. “ಹೇಳಿ ಮಾಸ್ತರೇ, ಇದಕ್ಕೆ ಯಾವ ಪದ?” ಎಂದು ಅವರು ಕೇಳುತ್ತಾರೆ. ಕೆಲವು ಸಲ ನನ್ನ ನಾಲಿಗೆ ತಡೆಯುತ್ತದೆ, ಕೆಲವು ಸಲ ಅವರದು. ತಡೆದಾಗ ಇನ್ನೊಬ್ಬರು ಕಾಯುತ್ತೇವೆ.